ನಿಶಿಕಸಾಯ್ ಬಡಾವಣೆಯ ಸೆಂಟೊ: ಹೊರಡುವ ಮುನ್ನ ಒಂದು ವಿಮರ್ಶೆ

ಮುಂದಿನ ವಾರ ಟೋಕಿಯೊದ ಮನೆಯ ಬೀಗದ ಕೈ ಒಪ್ಪಿಸಿ ಬೆಂಗಳೂರಿಗೆ ಮರಳುತ್ತಿದ್ದೇನೆ. ಇಲ್ಲಿನ ಬುಲೆಟ್ ರೈಲು, ಚೆರ್ರಿ ಹೂವುಗಳ ಬಗ್ಗೆ ಬರೆಯುವವರಿಗೆ ಬರವಿಲ್ಲ. ನಾನು ಬರೆಯಹೊರಟಿರುವುದು ನಮ್ಮ ನಿಶಿಕಸಾಯ್ ಬಡಾವಣೆಯ ಸೆಂಟೊ, ಅಂದರೆ ಊರಿನವರೆಲ್ಲ ದುಡ್ಡು ಕೊಟ್ಟು ಮೀಯುವ ಸ್ನಾನಗೃಹದ ಬಗ್ಗೆ. ಭಾರತೀಯರು ಬಹಳ ಮಂದಿ ಇರುವ ಜಾಗವಿದು. ಹಿಂಗು, ಹುಣಸೆಹಣ್ಣು ಎಲ್ಲವೂ ಸಿಗುತ್ತವೆ. ಆದರೂ ಆ ಕೆಂಪು ಪರದೆ ಸರಿಸಿ ಹೆಂಗಸರ ವಿಭಾಗಕ್ಕೆ ಬಂದ ನಮ್ಮವರನ್ನು ನಾನು ಕಂಡದ್ದು ತೀರಾ ಅಪರೂಪ. ಕಾರಣವೂ ಸರಳ: ಒಳಗೆ ಯಾರ ಮೈಮೇಲೂ ನೂಲೆಳೆ ಇರಕೂಡದು.

ದೊಡ್ಡವರಿಗೆ 550 ಯೆನ್. ದರದ ಮಿತಿಯನ್ನು ಗೊತ್ತುಮಾಡುವುದು ಟೋಕಿಯೊ ಆಡಳಿತ. 2024ರ ಆಗಸ್ಟ್‌ನಲ್ಲಿ ಅದು 520ರಿಂದ 550ಕ್ಕೆ ಏರಿತು. 1968ರಲ್ಲಿ ಈ ನಗರದಲ್ಲಿ 2,600ಕ್ಕೂ ಹೆಚ್ಚು ಸೆಂಟೊಗಳಿದ್ದವು, ಈಗ ಐನೂರೂ ಇಲ್ಲ. ಮನೆಮನೆಗೂ ಬಚ್ಚಲು ಬಂದ ಮೇಲೆ ಸಂಜೆ ನಾಲ್ಕಕ್ಕೆ ಇಲ್ಲಿಗೆ ಬರುವವರು ಹೆಚ್ಚಾಗಿ ಎಪ್ಪತ್ತು ದಾಟಿದ ಅಜ್ಜಿಯರು. ಎದುರು ಗೋಡೆಯ ತುಂಬ ಫುಜಿ ಪರ್ವತದ ಚಿತ್ರ. 1912ರಲ್ಲಿ ಕಂದಾ ಪ್ರದೇಶದ ಒಂದು ಸ್ನಾನಗೃಹದಲ್ಲಿ ಶುರುವಾದ ಸಂಪ್ರದಾಯವಂತೆ. ನಮ್ಮಲ್ಲಿ ನಡುಗೋಡೆ ಎಂಥ ಜಾಗದಲ್ಲಿ ಬಂದಿದೆಯೆಂದರೆ ಶಿಖರವೆಲ್ಲ ಗಂಡಸರ ಪಾಲು, ನಮಗೆ ಉಳಿದದ್ದು ತಪ್ಪಲಿನ ಕೆರೆ ಮತ್ತು ನಾಲ್ಕು ಪೈನ್ ಮರ. ಇದಕ್ಕೆ ಒಂದು ಅಂಕ ಕಡಿತ.

ಇನ್ನು ಸ್ನಾನದ ಮಾತು. ತೊಟ್ಟಿಗೆ ಇಳಿಯುವುದು ಮೈ ತೊಳೆಯಲಿಕ್ಕಲ್ಲ, ತೊಳೆದಾದ ಮೇಲೆ. ಗೋಡೆಯುದ್ದಕ್ಕೂ ನಲ್ಲಿಗಳಿವೆ, ಗಿಡ್ಡ ಸ್ಟೂಲಿನ ಮೇಲೆ ಕುಳಿತು, ‘ಕೆರೊರಿನ್’ ಎಂಬ ನೋವಿನ ಔಷಧಿಯ ಜಾಹೀರಾತಿರುವ ಹಳದಿ ಬೋಗುಣಿಯಲ್ಲಿ ನೀರು ಹಿಡಿದು ಉಜ್ಜಿಕೊಳ್ಳಬೇಕು. ನಿಂತುಕೊಂಡು ಷವರ್ ಬಿಟ್ಟರೆ ಹಿಂದಿನವರಿಗೆ ಸಿಡಿಯುತ್ತದೆ, ಆದ್ದರಿಂದ ಯಾರೂ ನಿಲ್ಲುವುದಿಲ್ಲ. ಕೂದಲು ನೀರಿಗೆ ತಾಗದಂತೆ ಮೇಲಕ್ಕೆ ಕಟ್ಟಬೇಕು, ಕೈವಸ್ತ್ರವನ್ನೂ ಅದ್ದಬಾರದು. ಅಜ್ಜಿಯರು ಅದನ್ನು ಮಡಿಸಿ ನೆತ್ತಿಯ ಮೇಲಿಟ್ಟುಕೊಂಡು ಕತ್ತಿನವರೆಗೆ ಮುಳುಗಿ ಕೂರುತ್ತಾರೆ. ಏಳುವಾಗ ತಾವು ಕುಳಿತ ಸ್ಟೂಲಿಗೆ ಬಿಸಿನೀರು ಸುರಿದು ತೊಳೆದು, ಬೋಗುಣಿಯನ್ನು ಅದರ ಮೇಲೆ ಬೋರಲು ಹಾಕುತ್ತಾರೆ. ಹಿಂಡಿದ ಬಟ್ಟೆಯಿಂದ ಮೈಯ ನೀರೆಲ್ಲ ಒರೆಸಿಕೊಂಡ ಮೇಲೆಯೇ ಬಟ್ಟೆ ಬದಲಿಸುವ ಕೋಣೆಗೆ ಕಾಲಿಡುವುದು. ನೆಲದ ಮೇಲೆ ಒಂದು ಹನಿ ಕಾಣುವುದಿಲ್ಲ.

ನಾನು ಮಡಿಯ ಮನೆಯಲ್ಲಿ ಬೆಳೆದವಳು. ನಮ್ಮಜ್ಜಿ ಒದ್ದೆ ಸೀರೆಯಲ್ಲಿ ಹೊರಬಂದರೆ ಮಕ್ಕಳೆಲ್ಲ ಗೋಡೆಗೆ ಅಂಟಿ ದಾರಿ ಬಿಡಬೇಕಿತ್ತು. ಅಲ್ಲಿನ ಚಿಂತೆಯೆಲ್ಲ ಬೇರೆಯವರ ಮೈಲಿಗೆ ತಮಗೆಲ್ಲಿ ತಾಗೀತೋ ಎಂಬುದು. ಇಲ್ಲಿ ಎಲ್ಲರೂ ಒಂದೇ ನೀರಿನಲ್ಲಿ ಕೂರುತ್ತಾರೆ. ತನ್ನ ಕೊಳೆ ಇನ್ನೊಬ್ಬರಿಗೆ ತಾಗಬಾರದೆಂಬುದಷ್ಟೇ ಚಿಂತೆ. ಎರಡೂ ಕಡೆ ಕಟ್ಟುನಿಟ್ಟಿಗೆ ಕೊರತೆಯಿಲ್ಲ, ಆದರೆ ನನಗೆ ಇಲ್ಲಿನದೇ ಹಿಡಿಸಿತು.

ಹಾಗೆಂದು ಇವರನ್ನು ಅಟ್ಟಕ್ಕೇರಿಸಬೇಕಿಲ್ಲ. ಹೊಸಬರ ಮೇಲೆ ಕಣ್ಣಿಟ್ಟೇ ಇರುತ್ತಾರೆ. ಗೆಳತಿಯ ಮದುವೆಗೆ ಊರಿಗೆ ಹೋಗಿ ಬಂದ ಹೊಸತರಲ್ಲಿ ಒಬ್ಬ ಅಜ್ಜಿ ನನ್ನ ಪಾದವನ್ನೇ ದಿಟ್ಟಿಸಿ, ಇನ್ನೊಮ್ಮೆ ತಿಕ್ಕು ಎಂದು ಸನ್ನೆ ಮಾಡಿದರು. ಅದು ಗೋರಂಟಿ. ವಿವರಿಸುವಷ್ಟು ಜಪಾನಿ ಭಾಷೆ ನನ್ನ ಬಳಿ ಇರಲಿಲ್ಲ, ತಿಕ್ಕಿದೆ, ಹೋಗಲಿಲ್ಲ. ಮೈಯುಜ್ಜುವ ತಮ್ಮ ನೈಲಾನ್ ಬಟ್ಟೆಯನ್ನೇ ಕೊಟ್ಟರು, ಅದಕ್ಕೂ ಹೋಗಲಿಲ್ಲ. ಒಳಗೆ ಮೊಬೈಲ್ ತರುವಂತಿಲ್ಲವಲ್ಲ, ಹೊರಗಿನ ಬೆಂಚಿನಲ್ಲಿ ಕುಳಿತ ಮೇಲೆ ಮದುಮಗಳ ಕೈಯ ಚಿತ್ರ ತೋರಿಸಿದೆ. ಅಜ್ಜಿ ನಕ್ಕ ನಗುವಿಗೆ ಗಲ್ಲಾಪೆಟ್ಟಿಗೆಯಾಕೆ ಕೂಡ ಎದ್ದು ಬಂದರು. ಆ ಸಂಜೆ ಗಾಜಿನ ಬಾಟಲಿಯ ತಣ್ಣನೆಯ ಕಾಫಿ ಹಾಲು ಅಜ್ಜಿಯ ಲೆಕ್ಕದಲ್ಲಿ. ಸ್ನಾನದ ನಂತರ ಅದನ್ನು ಕುಡಿಯುವುದು ಇಲ್ಲಿನ ರೂಢಿ. ಫಿಲ್ಟರ್ ಕಾಫಿಯವರು ಅದನ್ನು ಕಾಫಿ ಎಂದು ಎಣಿಸದಿದ್ದರೆ ಸಾಕು, ಇಷ್ಟವಾಗುತ್ತದೆ.

ದೂರುಗಳೂ ಇವೆ. ಕಾರ್ಡು ನಡೆಯುವುದಿಲ್ಲ. ಸೋಪು, ಶಾಂಪೂ ನೀವೇ ಒಯ್ಯಬೇಕು. ಕೂದಲು ಒಣಗಿಸುವ ಯಂತ್ರಕ್ಕೆ ಪ್ರತಿ ಸಲ 20 ಯೆನ್ ಹಾಕಬೇಕು, ನಮ್ಮಂಥ ಉದ್ದ ಜಡೆಯವರಿಗೆ ಅದು ಚಿಲ್ಲರೆ ನುಂಗುವ ಭೂತ. ದೊಡ್ಡ ತೊಟ್ಟಿಯ ನೀರು 43 ಡಿಗ್ರಿ. ದೀಪಾವಳಿಯ ಹಂಡೆನೀರಿಗೆ ಹೆದರದವರು ಮಾತ್ರ ಇಳಿಯಿರಿ.

ಸಾಧ್ಯವಾದರೆ ಡಿಸೆಂಬರಿನಲ್ಲಿ ವರ್ಷದ ಅತಿ ಚಿಕ್ಕ ಹಗಲಿರುವ ದಿನ ಹೋಗಿ, ಅಂದು ತೊಟ್ಟಿಯ ತುಂಬ ಯುಜು ಎಂಬ ನಿಂಬೆಜಾತಿಯ ಹಣ್ಣು ತೇಲಿಬಿಟ್ಟಿರುತ್ತಾರೆ. ಮೂಲೆಯ ಸಣ್ಣ ತೊಟ್ಟಿಯಲ್ಲಿ ಮಾತ್ರ ಬೇಕೆಂದೇ ಸಣ್ಣಗೆ ವಿದ್ಯುತ್ ಹರಿಸಿರುತ್ತಾರೆ, ಸೊಂಟನೋವಿಗೆ ಒಳ್ಳೆಯದೆಂದು ಅಜ್ಜಿಯರ ನಂಬಿಕೆ. ಹೃದಯದ ತೊಂದರೆ ಇರುವವರು ಅತ್ತ ಸುಳಿಯಬೇಡಿ. ನಾನಂತೂ ಒಂದು ಕಾಲು ಇಟ್ಟು ತೆಗೆದವಳು, ಮತ್ತೆ ಆ ಮೂಲೆಗೆ ಹೋಗಿಲ್ಲ.