‘ರಿಪೋರ್ಟ್ ನಾರ್ಮಲ್’ ಎಂದ ಕೂಡಲೇ ಮಾತ್ರೆಗೆ ಕೈ ಹಾಕಬೇಡಿ, ಮುಂದಿನ ಪರೀಕ್ಷೆಯೇ ಕೆಡುತ್ತದೆ

ತಿಂಗಳುಗಟ್ಟಲೆ ಸುಸ್ತು, ಮೆಟ್ಟಿಲು ಹತ್ತಿದರೆ ಎದೆ ಡವಡವ, ಬಾಚಣಿಗೆ ತುಂಬ ಕೂದಲು. ಸಿಬಿಸಿ (ರಕ್ತಕಣಗಳ ಎಣಿಕೆ), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಸಕ್ಕರೆ, ಇಸಿಜಿ ಎಲ್ಲ ಮಾಡಿಸಿದ್ದಾಯಿತು, ಎಲ್ಲವೂ ನಾರ್ಮಲ್. ‘ಟೆನ್ಶನ್ ಕಡಿಮೆ ಮಾಡಿಕೊಳ್ಳಿ’ ಎನ್ನಿಸಿಕೊಂಡು ಮನೆಗೆ ಬಂದವರು ಆಮೇಲೆ ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ. ಯಾರೋ ಹೇಳಿದ ಮಲ್ಟಿವಿಟಮಿನ್, ಕೂದಲಿಗೆ ಬಯೋಟಿನ್, ನರಕ್ಕೆಂದು ಬಿ12, ಜೊತೆಗೆ ಗೋಧಿ ಬಂದ್. ಎರಡು ತಿಂಗಳಾದರೂ ಗುಣ ಕಾಣದೆ ಬೇರೆ ಡಾಕ್ಟರ ಹತ್ತಿರ ಹೋಗುತ್ತಾರೆ. ಈ ಸಲ ಟಿಎಸ್‌ಎಚ್ ತೀರಾ ಕೆಳಗೆ, ಥೈರಾಯ್ಡ್ ಹಾರ್ಮೋನುಗಳಾದ ಟಿ3 ಮತ್ತು ಟಿ4 ಮೇಲಕ್ಕೆ. ಸುಸ್ತು, ಡವಡವ, ಕೂದಲು ಉದುರುವುದು ಮೂರೂ ಥೈರಾಯ್ಡ್ ಅತಿಯಾದ ಲಕ್ಷಣಗಳೇ. ಅದನ್ನು ತಗ್ಗಿಸುವ ಮಾತ್ರೆ ಶುರುವಾಗುತ್ತದೆ. ಅವರಿಗೆ ಥೈರಾಯ್ಡ್ ಕಾಯಿಲೆಯೇ ಇರುವುದಿಲ್ಲ. ಲ್ಯಾಬಿನ ಯಂತ್ರವನ್ನು ದಾರಿ ತಪ್ಪಿಸಿದ್ದು ಕೂದಲಿನ ಮಾತ್ರೆ.

ಇದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿರುವ ಎಡವಟ್ಟು. ಹಾರ್ಮೋನ್ ಅಳೆಯುವ ಅನೇಕ ಯಂತ್ರಗಳು ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಎಂಬ ಎರಡು ವಸ್ತುಗಳ ಬಿಗಿಯಾದ ಅಂಟನ್ನು ನಂಬಿಕೊಂಡಿವೆ. ರಕ್ತದಲ್ಲಿ ಬಯೋಟಿನ್ ತುಂಬಿ ತುಳುಕುತ್ತಿದ್ದರೆ ಆ ಅಂಟಿನ ಜಾಗವನ್ನೆಲ್ಲ ಅದೇ ಹಿಡಿದು ಕೂರುತ್ತದೆ. ಆಗ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ, ಟಿ3 ಮತ್ತು ಟಿ4 ಹೆಚ್ಚು ಕಾಣುತ್ತವೆ. ದೇಹಕ್ಕೆ ದಿನಕ್ಕೆ ಬೇಕಾದ ಬಯೋಟಿನ್ ಸುಮಾರು 30 ಮೈಕ್ರೋಗ್ರಾಂ, ಕೂದಲಿನ ಮಾತ್ರೆಗಳಲ್ಲಿ 5,000 ಅಥವಾ 10,000 ಮೈಕ್ರೋಗ್ರಾಂ ಇರುವುದು ಮಾಮೂಲು. ಹೃದಯಾಘಾತ ಪತ್ತೆಹಚ್ಚುವ ಟ್ರೋಪೋನಿನ್ ಪರೀಕ್ಷೆಯಲ್ಲೂ ಇದರಿಂದ ಸುಳ್ಳು ಫಲಿತಾಂಶ ಬರಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರಲ್ಲೇ ಎಚ್ಚರಿಸಿದೆ. ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ 2 ದಿನ ಮೊದಲು ಬಯೋಟಿನ್ ನಿಲ್ಲಿಸಿ. ಪ್ರಮಾಣ ಇನ್ನೂ ದೊಡ್ಡದಿದ್ದರೆ ಎಷ್ಟು ದಿನ ಬಿಡಬೇಕೆಂದು ಲ್ಯಾಬನ್ನೇ ಕೇಳಿ. ‘ವಿಟಮಿನ್ ಮಾತ್ರೆ ತಾನೇ, ಔಷಧ ಅಲ್ಲವಲ್ಲ’ ಎಂದು ಡಾಕ್ಟರಿಗೆ ಹೇಳದೆ ಬಿಡುವುದರಲ್ಲೇ ಈ ಅನಾಹುತ ಶುರುವಾಗುವುದು. ಸ್ಟ್ರಿಪ್ ಸಮೇತ ಒಯ್ದು ತೋರಿಸಿ.

ಬಿ12 ವಿಷಯದಲ್ಲಿ ಕೆಡುವುದು ಬೇರೆ ರೀತಿ. ಮಾತ್ರೆ ನುಂಗಲು ಶುರುಮಾಡಿದರೆ ರಕ್ತದ ಮಟ್ಟ ಏರುತ್ತದೆ. ಮೊದಲು ಕೊರತೆ ಇತ್ತೋ ಇಲ್ಲವೋ ಎಂಬ ಗುರುತು ಅಳಿಸಿಹೋಗುತ್ತದೆ. ಮಿಲಿಲೀಟರಿಗೆ 200ರಿಂದ 300 ಪಿಕೋಗ್ರಾಂ ಬಂದವರಿಗೆ ರಿಪೋರ್ಟಿನಲ್ಲಿ ನಾರ್ಮಲ್ ಎಂದಿದ್ದರೂ ಅದು ಸಂಶಯದ ವಲಯ. ಅಲ್ಲಿ ಮಿಥೈಲ್ ಮೆಲೋನಿಕ್ ಆಸಿಡ್ (ಬಿ12 ಸಾಲದಾದಾಗ ರಕ್ತದಲ್ಲಿ ಏರುವ ವಸ್ತು) ಪರೀಕ್ಷೆ ಕೇಳುವುದು ಸರಿ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ (ಸಕ್ಕರೆ ಕಾಯಿಲೆಯ ಮಾತ್ರೆ) ಅಥವಾ ಆಸಿಡಿಟಿ ಮಾತ್ರೆ ತೆಗೆದುಕೊಳ್ಳುತ್ತಿರುವವರು ಅದನ್ನು ತಪ್ಪದೆ ಹೇಳಿ, ಎರಡೂ ಬಿ12 ಇಳಿಸುತ್ತವೆ. ಬಿ12 ಕೊರತೆ ಇರುವವರು ಬರೀ ಫೋಲಿಕ್ ಆಸಿಡ್ ತೆಗೆದುಕೊಂಡರೆ ರಕ್ತದ ರಿಪೋರ್ಟ್ ಸುಧಾರಿಸಿದಂತೆ ಕಾಣುತ್ತದೆ, ಒಳಗೆ ನರದ ಹಾನಿ ಮುಂದುವರಿಯುತ್ತದೆ. ಹಾಗೆಂದು ಕಾಲು ಜೋಮು ಹಿಡಿದು, ನಡೆಯುವಾಗ ಓಲಾಡುತ್ತಿದ್ದರೆ ಪರೀಕ್ಷೆಗಾಗಿ ವಾರಗಟ್ಟಲೆ ಕಾಯುವುದೂ ತಪ್ಪು. ರಕ್ತ ಕೊಟ್ಟ ದಿನವೇ ಚಿಕಿತ್ಸೆ ಶುರುಮಾಡಬಹುದೇ ಎಂದು ಡಾಕ್ಟರನ್ನು ಕೇಳಿ.

ಗೋಧಿ ಬಿಟ್ಟವರ ಪಾಡು ಇನ್ನೊಂದು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳು ಹಾಳಾಗುವ ಕಾಯಿಲೆ ಸೀಲಿಯಾಕ್. ಅದಕ್ಕೆ ಮಾಡುವ ಟಿಟಿಜಿ ರಕ್ತಪರೀಕ್ಷೆ ಹುಡುಕುವುದು ಗ್ಲುಟೆನ್ ತಿಂದಾಗ ದೇಹ ಹುಟ್ಟಿಸುವ ಪ್ರತಿಕಾಯಗಳನ್ನು. ತಿನ್ನುವುದನ್ನೇ ಬಿಟ್ಟು ರಕ್ತ ಕೊಟ್ಟರೆ ಕಾಯಿಲೆ ಇದ್ದರೂ ನೆಗೆಟಿವ್ ಬರಬಹುದು. ಪರೀಕ್ಷೆಗೆ ಮೊದಲು ಕನಿಷ್ಠ 6 ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತಿನ ಊಟದಲ್ಲಿ ಗ್ಲುಟೆನ್ ಇರಬೇಕು. ಬಿಟ್ಟು ತಿಂಗಳಾದ ಮೇಲೆ ಮತ್ತೆ ತಿನ್ನು ಎಂದರೆ ಹೊಟ್ಟೆನೋವಿನವರಿಗೆ ಅದು ಶಿಕ್ಷೆಯೇ. ಅದಕ್ಕೇ ಮೊದಲು ರಕ್ತ, ಆಮೇಲೆ ಪಥ್ಯ. ಕೆಲವರಲ್ಲಿ ಈ ಪರೀಕ್ಷೆ ಸಾಮಾನ್ಯವಾಗಿ ಹುಡುಕುವ ಐಜಿಎ ಎಂಬ ಬಗೆಯ ಪ್ರತಿಕಾಯವೇ ಹುಟ್ಟಿನಿಂದ ಕಡಿಮೆ ಇರುತ್ತದೆ, ಅವರಿಗೂ ಸುಳ್ಳು ನೆಗೆಟಿವ್ ಬರಬಹುದು. ಒಟ್ಟು ಐಜಿಎ ಜೊತೆಯಲ್ಲೇ ಮಾಡಿದ್ದಾರೆಯೇ ನೋಡಿ.

ಇನ್ನು ಮೊದಲ ರಿಪೋರ್ಟಿನ ‘ನಾರ್ಮಲ್’ ಎಷ್ಟು ಗಟ್ಟಿ? ಮೇಲೆ ಹೇಳಿದ ಲಕ್ಷಣಗಳಿಗೆ ಮೊದಲು ನೋಡಬೇಕಾದದ್ದು ಫೆರಿಟಿನ್, ಅಂದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಕಬ್ಬಿಣ ಸಾಲದಾದಾಗ ಮೊದಲು ಖಾಲಿಯಾಗುವುದು ಈ ಕಣಜ. ಹಿಮೋಗ್ಲೋಬಿನ್ ಇಳಿಯುವುದು ಕೊನೆಯಲ್ಲಿ. ಹಾಗಾಗಿ ಹಿಮೋಗ್ಲೋಬಿನ್ 12.5, ಫೆರಿಟಿನ್ 9 ಇರುವುದು ಸಾಧ್ಯ, ಸಿಬಿಸಿ ಮಾತ್ರ ನೋಡಿದವರಿಗೆ ಅದು ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆರೋಗ್ಯವಂತ ವಯಸ್ಕರಲ್ಲಿ 15ಕ್ಕಿಂತ ಕೆಳಗಿದ್ದರೆ ಕೊರತೆ, ಸೋಂಕು ಅಥವಾ ಉರಿಯೂತ ಇರುವವರಲ್ಲಿ 70ಕ್ಕಿಂತ ಕೆಳಗಿದ್ದರೂ ಕೊರತೆಯೇ. ಲಕ್ಷಣ ಇರುವವರಲ್ಲಿ ಅನೇಕ ವೈದ್ಯರು 30ನ್ನೇ ಗೆರೆ ಮಾಡಿಕೊಳ್ಳುತ್ತಾರೆ. ಕೆಲವು ಲ್ಯಾಬುಗಳು ಹೆಂಗಸರಿಗೆ ಕೆಳಗಿನ ಮಿತಿಯನ್ನು 10ರ ಆಸುಪಾಸಿಗೆ ಇಟ್ಟಿರುತ್ತವೆ. ಅಲ್ಲಿ 13 ಬಂದರೆ ದಪ್ಪಕ್ಷರವೂ ಇಲ್ಲ, ನಕ್ಷತ್ರದ ಗುರುತೂ ಇಲ್ಲ, ಕಣ್ಣು ಜಾರಿ ಮುಂದೆ ಹೋಗುತ್ತದೆ. ಜ್ವರ ಬಂದಾಗ ಫೆರಿಟಿನ್ ತಾನಾಗಿ ಏರುತ್ತದೆ, ಆದ್ದರಿಂದ ಜ್ವರ ಬಿಟ್ಟ ವಾರದಲ್ಲೇ ಮಾಡಿಸಿದರೆ ಕೊರತೆ ಮುಚ್ಚಿಹೋಗಬಹುದು. ಜೊತೆಗೆ ಉರಿಯೂತ ಅಳೆಯುವ ಸಿಆರ್‌ಪಿ ಮಾಡಿಸಿದರೆ ಅದು ಗೊತ್ತಾಗುತ್ತದೆ.

ಆ ಮಿತಿಗಳನ್ನು ಹೇಗೆ ಹಾಕುತ್ತಾರೆಂದು ತಿಳಿದಿದ್ದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಸಾಮಾನ್ಯವಾಗಿ ಆರೋಗ್ಯವಂತರ ಗುಂಪೊಂದರ ನಡುವಿನ ಶೇ 95ರಷ್ಟು ಜನರ ಅಂಕಿಗಳೇ ‘ನಾರ್ಮಲ್’. ಅದು ಗುಂಪಿನ ಲೆಕ್ಕ, ನಿಮ್ಮದಲ್ಲ. ಹೋದ ವರ್ಷ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕುವ ತ್ಯಾಜ್ಯ) 0.6 ಇದ್ದ ಮೂವತ್ತೈದರ ಹೆಣ್ಣುಮಗಳಿಗೆ ಈ ವರ್ಷ 1.1 ಬಂದರೆ ಎಷ್ಟೋ ಲ್ಯಾಬುಗಳಲ್ಲಿ ಎರಡೂ ನಾರ್ಮಲ್. ಆದರೆ ಮೂತ್ರಪಿಂಡದ ಸೋಸುವ ಶಕ್ತಿ ಮೂರನೇ ಒಂದು ಪಾಲಿಗಿಂತ ಹೆಚ್ಚು ತಗ್ಗಿದೆ. ಹಳೆಯ ರಿಪೋರ್ಟ್ ಎಸೆದವರಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ. ಇದೇ ಶೇ 95ರ ಲೆಕ್ಕದಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಒಟ್ಟಿಗೆ ಮಾಡಿಸಿದರೆ ಪೂರ್ತಿ ಆರೋಗ್ಯವಂತರಲ್ಲೂ ಒಂದಾದರೂ ಮಿತಿ ಮೀರುವ ಸಾಧ್ಯತೆ ಶೇ 64. ಎಂಬತ್ತು ಪರೀಕ್ಷೆಗಳ ಪ್ಯಾಕೇಜ್ ಕೊಂಡವರ ಕೈಗೆ ಉತ್ತರಕ್ಕಿಂತ ಹೊಸ ಭಯ ಸಿಗುವುದು ಇದಕ್ಕೇ. ದೇಹ ತನ್ನ ಮೇಲೇ ತಿರುಗಿಬೀಳುವ ಲೂಪಸ್‌ನಂಥ ಕಾಯಿಲೆಗೆ ಮಾಡುವ ಎಎನ್‌ಎ ಪರೀಕ್ಷೆ, ರಕ್ತದ ದ್ರವವನ್ನು 80 ಪಟ್ಟು ತೆಳುಮಾಡಿ (1:80) ನೋಡಿದಾಗ, ನೂರಕ್ಕೆ ಸುಮಾರು 13 ಮಂದಿ ಆರೋಗ್ಯವಂತರಲ್ಲೂ ಪಾಸಿಟಿವ್ ಬರುತ್ತದೆ. ಕೀಲು ಊತವಿಲ್ಲದೆ, ಚರ್ಮದಲ್ಲಿ ದದ್ದಿಲ್ಲದೆ, ‘ಎಲ್ಲದರ ಜೊತೆ ಇದೂ ಇರಲಿ’ ಎಂದು ಅದನ್ನು ಮಾಡಿಸಬೇಡಿ. ಆಹಾರ ಅಲರ್ಜಿ ಹೆಸರಿನಲ್ಲಿ ಮಾರುವ ಐಜಿಜಿ ಪ್ರತಿಕಾಯದ ಪರೀಕ್ಷೆಗೆ ಹಣ ಸುರಿಯಲೇಬೇಡಿ. ಅದು ಹೆಚ್ಚೆಂದರೆ ನೀವು ಆ ಪದಾರ್ಥ ತಿಂದಿದ್ದೀರಿ ಎಂದು ಹೇಳುತ್ತದೆ.

ಎದೆ ಡವಡವಕ್ಕೆ ಬರೋಣ. ಸಾಮಾನ್ಯ ಇಸಿಜಿ ಹಿಡಿಯುವುದು ಸುಮಾರು 10 ಸೆಕೆಂಡಿನ ಬಡಿತ. ಮೈಗೆ ಕಟ್ಟಿಕೊಂಡು ಓಡಾಡುವ ಇಸಿಜಿ ಯಂತ್ರ ಹೋಲ್ಟರ್ ಹಿಡಿಯುವುದು ಸಾಮಾನ್ಯವಾಗಿ 24 ಗಂಟೆ. ಹದಿನೈದು ದಿನಕ್ಕೊಮ್ಮೆ ಬರುವ ಡವಡವ ಆ 24 ಗಂಟೆಯಲ್ಲೇ ಬರಬೇಕೆಂದರೆ ಅದೃಷ್ಟ ಬೇಕು. ಎದೆಗೆ ಅಂಟಿಸುವ 14 ದಿನಗಳ ಪ್ಯಾಚ್ ಇದೆ. ಅದಕ್ಕೂ ಅಪರೂಪಕ್ಕೆ ಬರುವ, ಪ್ರಜ್ಞೆ ತಪ್ಪಿಸುವ ತೊಂದರೆಗೆ ಚರ್ಮದಡಿ ಇಡುವ ಲೂಪ್ ರೆಕಾರ್ಡರ್ ಇದೆ. ನೀವು ಕೇಳಬೇಕಾದದ್ದು ‘ಹೋಲ್ಟರ್ ನಾರ್ಮಲ್ಲಾ?’ ಎಂದಲ್ಲ, ‘ನನಗೆ ಡವಡವ ಆದಾಗ ಬಡಿತ ಹೇಗಿತ್ತು?’ ಎಂದು. ತೊಂದರೆ ಆದಾಗಲೇ ಬಡಿತ ಸರಿಯಿದ್ದರೆ ಅದು ದೊಡ್ಡ ಉತ್ತರ. ಯಂತ್ರ ಕಟ್ಟಿಕೊಂಡಿದ್ದಷ್ಟು ಹೊತ್ತು ಏನೂ ಆಗದಿದ್ದರೆ ಆ ಪ್ರಶ್ನೆ ಇನ್ನೂ ಹಾಗೇ ಉಳಿದಿದೆ. ಡವಡವ ಆದಾಗ ಯಂತ್ರದ ಬಟನ್ ಒತ್ತಿ, ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ.

ಎದ್ದು ನಿಂತಾಗ ತಲೆಸುತ್ತು, ಕಣ್ಣು ಮಂಜು, ಡವಡವ ಇರುವವರಿಗೆ ರಕ್ತಪರೀಕ್ಷೆ ಏನೂ ತೋರಿಸದೇ ಹೋಗಬಹುದು. ಇದನ್ನು ಹಿಡಿಯಲು ಬೇಕಾದದ್ದು ತೋಳಿನ ಬಿಪಿ ಯಂತ್ರ, ಒಂದು ಮಂಚ, ಪಕ್ಕದಲ್ಲಿ ಇನ್ನೊಬ್ಬರು. ಬೆಳಿಗ್ಗೆ 10 ನಿಮಿಷ ಮಾತಾಡದೆ ಅಂಗಾತ ಮಲಗಿ, ಬಿಪಿ ಮತ್ತು ನಾಡಿ ಬರೆದುಕೊಳ್ಳಿ. ಎದ್ದು ನಿಂತು, ಗೋಡೆಗೆ ಒರಗದೆ, ಕಾಲು ಕುಣಿಸದೆ 1, 3, 5 ಮತ್ತು 10ನೇ ನಿಮಿಷಕ್ಕೆ ಮತ್ತೆ ಅಳೆಯಿರಿ. ತೋಳು ಜೋತುಬಿಟ್ಟರೆ ಬಿಪಿ ತಪ್ಪಾಗಿ ಹೆಚ್ಚು ತೋರಿಸುತ್ತದೆ, ಎದೆಯ ಮಟ್ಟಕ್ಕೆ ಆಧಾರ ಕೊಡಿ. ಕಣ್ಣು ಕತ್ತಲಿಟ್ಟರೆ ಅಲ್ಲೇ ನಿಲ್ಲಿಸಿ ಮಲಗಿಬಿಡಿ. ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ ಅದು ನಿಂತಾಗ ಬಿಪಿ ಕುಸಿಯುವ ತೊಂದರೆ. ಬಿಪಿ ಹಾಗೆ ಕುಸಿಯದೆ ನಾಡಿ ಮಾತ್ರ 10 ನಿಮಿಷದೊಳಗೆ 30 ಅಥವಾ ಹೆಚ್ಚು ಏರಿ ಅಲ್ಲೇ ನಿಂತರೆ (12ರಿಂದ 19 ವರ್ಷದವರಲ್ಲಿ 40), ಲಕ್ಷಣಗಳು ಮೂರು ತಿಂಗಳಿಂದ ಇದ್ದರೆ, ಪಾಟ್ಸ್ (ನಿಂತಾಗ ನಾಡಿ ಅತಿಯಾಗಿ ಏರುವ ತೊಂದರೆ) ಇರಬಹುದೇ ಎಂದು ವೈದ್ಯರು ನೋಡಬೇಕು. ರಕ್ತಹೀನತೆ, ಥೈರಾಯ್ಡ್, ನೀರಿನಂಶದ ಕೊರತೆ ಇಲ್ಲವೆಂದು ಖಚಿತವಾದ ಮೇಲಷ್ಟೇ ಆ ಹೆಸರು. ಮೂರು ಬೇರೆ ಬೇರೆ ದಿನದ ಅಂಕಿ ಇದ್ದರೆ ಡಾಕ್ಟರ ಮುಂದೆ ಮಾತಿಗೆ ತೂಕ ಬರುತ್ತದೆ.

ಅಂಗಾಲು ಉರಿಯಿದ್ದು ನರದಲ್ಲಿ ಸಂಕೇತ ಹರಿಯುವ ವೇಗ ಅಳೆಯುವ ಎನ್‌ಸಿಎಸ್ ಪರೀಕ್ಷೆ ನಾರ್ಮಲ್ ಬಂದವರಿಗೂ ಒಂದು ಮಾತು. ಅದು ದೊಡ್ಡ ನರತಂತುಗಳನ್ನಷ್ಟೇ ಅಳೆಯುತ್ತದೆ, ಉರಿ ಒಯ್ಯುವ ಸಣ್ಣ ತಂತುಗಳಿಗೆ ಚರ್ಮದ ಚೂರು ತೆಗೆದು ನೋಡುವ ಬಯಾಪ್ಸಿಯಂಥ ಬೇರೆ ಪರೀಕ್ಷೆ ಬೇಕು.

ಪ್ರತಿ ಸಲವೂ ಡಾಕ್ಟರನ್ನು ಬದಲಿಸುವುದು ಇನ್ನೊಂದು ದೊಡ್ಡ ನಷ್ಟ. ಹೊಸಬರು ಮತ್ತೆ ಸಿಬಿಸಿ, ಟಿಎಸ್‌ಎಚ್‌ನಿಂದಲೇ ಶುರುಮಾಡುತ್ತಾರೆ. ಒಂದೇ ಹಾಳೆಯಲ್ಲಿ ಬರೆದು ಒಯ್ಯಿರಿ: ಯಾವಾಗ ಶುರು, ಏನು ಮಾಡಿದರೆ ಹೆಚ್ಚು, ಏನು ಮಾಡಲು ಈಗ ಆಗುತ್ತಿಲ್ಲ, ಪ್ರಮಾಣ ಸಮೇತ ಎಲ್ಲ ಮಾತ್ರೆಗಳು, ಹಳೆಯ ಅಂಕಿಗಳು ದಿನಾಂಕದೊಂದಿಗೆ. ‘ಈ ರಿಪೋರ್ಟಿನಿಂದ ಯಾವ ಕಾಯಿಲೆ ಇಲ್ಲವೆಂದಾಯಿತು, ಯಾವುದು ಇನ್ನೂ ಬಾಕಿ, ಏನಾದರೆ ಮತ್ತೆ ಬರಲಿ?’ ಎಂದು ಕೇಳಿ. ಡಾಕ್ಟರು ‘ಫಂಕ್ಷನಲ್’ (ನರಮಂಡಲದ ರಚನೆ ಸರಿಯಿದ್ದು ಕೆಲಸ ಹದ ತಪ್ಪಿದ ತೊಂದರೆ) ಎಂದರೆ ಅದು ‘ಏನೂ ಇಲ್ಲ’ ಎಂಬ ಬೈಗುಳವೆಂದು ಎದ್ದು ಬರಬೇಡಿ. ಉದಾಹರಣೆಗೆ, ಕಾಲಿನ ಬಲ ಹೋದವರಲ್ಲಿ ಹೂವರ್ ಚಿಹ್ನೆ ಎಂಬ ಗುರುತು ನೋಡುತ್ತಾರೆ. ಆ ಕಾಲನ್ನು ಕೆಳಗೆ ಒತ್ತಿ ಎಂದರೆ ಆಗುವುದಿಲ್ಲ, ಇನ್ನೊಂದು ಕಾಲನ್ನು ಎದುರೊತ್ತಡಕ್ಕೆ ಮೇಲೆತ್ತಿಸಿದಾಗ ಅದೇ ಕಾಲು ತಾನಾಗಿ ಹಾಸಿಗೆಗೆ ಒತ್ತುತ್ತದೆ. ಕಣ್ಣಿಗೆ ಕಾಣುವ ಈ ಗುರುತಿನ ಮೇಲೆ ಕೊಡುವ ರೋಗನಿರ್ಣಯ ಅದು, ಚಿಕಿತ್ಸೆಯೂ ಇದೆ. ಗುರುತು ಯಾವುದೆಂದು ಹೇಳದೆ ಬರೀ ‘ಟೆನ್ಶನ್’ ಎಂದರೆ ಮಾತ್ರ ಎರಡನೇ ಅಭಿಪ್ರಾಯ ಕೇಳಿ.

ಪ್ರಯತ್ನಪಡದೆ ಆರೇಳು ತಿಂಗಳಲ್ಲಿ ತೂಕ ಶೇ 5ರಷ್ಟು ಇಳಿದರೆ, ಮಲದಲ್ಲಿ ರಕ್ತ ಕಂಡರೆ, ರಾತ್ರಿ ಬಟ್ಟೆ ಬದಲಿಸುವಷ್ಟು ಬೆವರಿದರೆ ದಿನ ತಳ್ಳದೆ ಡಾಕ್ಟರನ್ನು ಕಾಣಿ. ಓಡುವಾಗ ಅಥವಾ ಭಾರ ಎತ್ತುವಾಗ ಪ್ರಜ್ಞೆ ತಪ್ಪಿದರೆ, ಒಂದು ಕಡೆಯ ಕೈಕಾಲು ಸೋತರೆ, ತೊಡೆಸಂದಿಯಲ್ಲಿ ಸ್ಪರ್ಶ ಹೋಗಿ ಮೂತ್ರ ಕಟ್ಟಿದರೆ ಅದೇ ಹೊತ್ತಿಗೆ ತುರ್ತು ವಿಭಾಗಕ್ಕೆ ಹೋಗಿ. ನಿನ್ನೆಯಷ್ಟೇ ನಾರ್ಮಲ್ ರಿಪೋರ್ಟ್ ಬಂದಿದ್ದರೂ ಹೋಗಿ.