ಏಳು ವರ್ಷ ಓಡಾಡಿದ ಮೇಲೆ: ಅಯೋವಾದ ನಮ್ಮ ಕೌಂಟಿ ಪಾರ್ಕ್

ಹೋದ ವರ್ಷ ಮೇ ತಿಂಗಳಲ್ಲಿ ಅಮ್ಮ ಊರಿಂದ ಬಂದಳು. ಶಿರಾ ಹತ್ತಿರದ ಹಳ್ಳಿ ನಮ್ಮದು. ಬಂದ ಮೂರನೇ ದಿನ ಬೆಳಿಗ್ಗೆ ಆರಕ್ಕೇ ಎದ್ದು, ಸೀರೆ ಮೇಲೆ ಸ್ವೆಟರ್ ಹಾಕಿಕೊಂಡು, ಬಾಗಿಲಲ್ಲಿ ನಿಂತು ಕೇಳಿದಳು: "ಇಲ್ಲಿ ಎಲ್ಲಿ ನಡೀಬೇಕೇ?"

ನನಗೆ ಉತ್ತರ ಹೊಳೆಯಲಿಲ್ಲ. ಏಳು ವರ್ಷದಿಂದ ಇಲ್ಲಿ, ಅಮೆರಿಕದ ಅಯೋವಾ ರಾಜ್ಯದಲ್ಲಿದ್ದೇನೆ. ಕೌಂಟಿ ಪಾರ್ಕ್ ಬಗ್ಗೆ ಸಿಕ್ಕವರಿಗೆಲ್ಲ ಹೊಗಳಿದ್ದೇನೆ. ಆದರೆ ಅಮ್ಮನ ಈ ಪ್ರಶ್ನೆ ನನ್ನ ತಲೆಗೆ ಬಂದೇ ಇರಲಿಲ್ಲ.

ನಮ್ಮ ಮನೆ ಒಂದು ಸಣ್ಣ ಊರಿನ ಅಂಚಿನಲ್ಲಿದೆ. ನಾಲ್ಕು ಮನೆ ದಾಟಿದರೆ ಫುಟ್‌ಪಾತ್ ಮುಗಿಯುತ್ತದೆ. ಆಮೇಲೆ ಎರಡೂ ಕಡೆ ಮೆಕ್ಕೆಜೋಳ, ಸೋಯಾ. ಮೈಲಿಗೊಂದರಂತೆ ಚೌಕ ಚೌಕವಾಗಿ ಹಾಕಿದ ಜಲ್ಲಿ ರಸ್ತೆಗಳು. ಅಲ್ಲಿ ಪಿಕಪ್ ಗಾಡಿಗಳು ದೂಳೆಬ್ಬಿಸಿಕೊಂಡು ಹೋಗುತ್ತವೆ. ನಡೆಯುವವರಿಗೆ ಅಂಚಿನಲ್ಲಿ ಜಾಗ ಇಲ್ಲ. ಊರಲ್ಲಾದರೆ ಅಮ್ಮ ಯಾರ ಹೊಲದ ಬದುವಿನ ಮೇಲಾದರೂ ನಡೆದು ಹೋಗುತ್ತಿದ್ದಳು. ಯಾರೂ ಕೇಳುತ್ತಿರಲಿಲ್ಲ. ಕೇಳಿದರೂ "ಊಟ ಆಯ್ತಾ" ಅಂತ ಕೇಳುತ್ತಿದ್ದರು, ಅಷ್ಟೇ. ಇಲ್ಲಿ ಹಾಗಾಗಲ್ಲ. ಅಯೋವಾದಲ್ಲಿ 100ಕ್ಕೆ 97 ಭಾಗ ನೆಲ ಖಾಸಗಿಯವರದು. ಹೇಳದೆ ಕೇಳದೆ ಇನ್ನೊಬ್ಬರ ಹೊಲಕ್ಕೆ ಕಾಲಿಡುವಂತಿಲ್ಲ.

ಅದಕ್ಕೇ ಇಲ್ಲಿ ಕೌಂಟಿ ಪಾರ್ಕಿಗೆ ಅಷ್ಟು ಬೆಲೆ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕಿನ ಹಾಗೆ ಅಂದುಕೊಳ್ಳಿ. ರಾಜ್ಯದಲ್ಲಿ 99 ಕೌಂಟಿಗಳಿವೆ. 1955ರಲ್ಲಿ ಒಂದು ಕಾನೂನು ಬಂತು. ಅದರಿಂದ ಪ್ರತಿ ಕೌಂಟಿಗೂ ತನ್ನದೇ ಒಂದು ಸಂರಕ್ಷಣಾ ಮಂಡಳಿ ಮಾಡಿಕೊಳ್ಳುವ ಅವಕಾಶ ಸಿಕ್ಕಿತು. ಈಗ 99ರಲ್ಲೂ ಇದೆ. ಮಂಡಳಿಯಲ್ಲಿ ಐದು ಜನ ಸ್ಥಳೀಯರು, ಸಂಬಳ ಇಲ್ಲ. ಕೆರೆ, ಕಾಡು, ಟೆಂಟ್ ಹಾಕುವ ಜಾಗ, ಹಳೇ ರೈಲು ಹಳಿ ಕಿತ್ತು ಮಾಡಿದ ಸೈಕಲ್ ದಾರಿ, ಎಲ್ಲ ಇವರ ಉಸ್ತುವಾರಿ. ಇದಕ್ಕೆ ಹೋಗುವ ದುಡ್ಡಿನಲ್ಲಿ ನಾವು ಕಟ್ಟುವ ಮನೆ ಕಂದಾಯದ ಪಾಲೂ ಇದೆ. ನಮ್ಮ ಪಾರ್ಕಿಗೆ ಒಳಗೆ ಹೋಗಲು ಟಿಕೆಟ್ ಇಲ್ಲ. ಒಂದೇ ಸಂಬಳದ ಮನೆ ನಮ್ಮದು. ವಾರಕ್ಕೆರಡು ಸಲ ಮಗನನ್ನು ಕರೆದುಕೊಂಡು ಹೋಗಿ ಒಂದು ಪೈಸೆ ಖರ್ಚಿಲ್ಲದೆ ಬರುವುದು ನಮಗೆ ಸಣ್ಣ ವಿಷಯ ಅಲ್ಲ.

ಟೆಂಟ್ ಹಾಕಿದರೆ ಮಾತ್ರ ದುಡ್ಡು. ಆ ದುಡ್ಡು ಕಟ್ಟುವ ರೀತಿ ನನಗೆ ತುಂಬಾ ಇಷ್ಟ. ಬಾಗಿಲಲ್ಲಿ ಯಾರೂ ಕೂತಿರುವುದಿಲ್ಲ. ಮರದ ಪೆಟ್ಟಿಗೆಯಲ್ಲಿ ಲಕೋಟೆ, ಸಣ್ಣ ಪೆನ್ಸಿಲ್ ಇರುತ್ತವೆ. ಹೆಸರು, ಗಾಡಿ ನಂಬರ್ ಬರೆದು, 15 ಡಾಲರ್ ಒಳಗಿಟ್ಟು ಅಂಟಿಸಿ, ನೆಲದಲ್ಲಿ ಹುಗಿದ ಕಬ್ಬಿಣದ ಕೊಳವೆಯ ಸೀಳಿನಲ್ಲಿ ಹಾಕಬೇಕು. ಲಕೋಟೆಯ ತುದಿ ಹರಿದು ನಮ್ಮ ಜಾಗದ ಕಂಬಕ್ಕೆ ಸಿಕ್ಕಿಸಬೇಕು. ಆ ಕೆಲಸ ಮಗನದು. ಲಕೋಟೆ ಕೊಳವೆಯೊಳಗೆ ಬಿದ್ದ ಸದ್ದು ಕೇಳಿಸುವವರೆಗೆ ಅವನು ಅಲ್ಲಿಂದ ಕದಲುವುದಿಲ್ಲ.

ಜುಲೈನಲ್ಲಿ ಒಂದು ದಿನ ಶೆಲ್ಟರ್ ಬುಕ್ ಮಾಡುತ್ತೇವೆ. ನಾಲ್ಕು ಕಂಬ, ಮೇಲೆ ಮಾಡು, ಆರು ಮೇಜು, ಪಕ್ಕದಲ್ಲಿ ನೆಲಕ್ಕೆ ನೆಟ್ಟ ಕಬ್ಬಿಣದ ಗ್ರಿಲ್. ಮೂರು ಕನ್ನಡದ ಮನೆಯವರು ಸೇರುತ್ತೇವೆ. ಗ್ರಿಲ್ ಮೇಲೆ ಬೇರೆಯವರ ಮಾಂಸದ ಜಿಡ್ಡು ಇರುತ್ತದಲ್ಲ, ಅದಕ್ಕೆ ನಾವು ದಪ್ಪ ಫಾಯಿಲ್ ಹಾಸುತ್ತೇವೆ. ಇದ್ದಿಲು ಬೂದಿ ಕಟ್ಟುವವರೆಗೆ ಕಾಯಬೇಕು. ಆಮೇಲೆ ಎಣ್ಣೆ ಸವರಿದ ದಪ್ಪ ಬದನೆಕಾಯಿ ಇಟ್ಟು ತಿರುಗಿಸುತ್ತಾ ಕೂರಬೇಕು. ಸಿಪ್ಪೆ ಸುಲಿದು, ಹುಣಸೆಹಣ್ಣು, ಹಸಿಮೆಣಸಿನಕಾಯಿ, ಬೆಲ್ಲ ಹಾಕಿ ಅಲ್ಲೇ ಕೈಯಲ್ಲಿ ಕಿವುಚಿದರೆ ಗೊಜ್ಜು. ಮನೆಯ ಓವನ್‌ನಲ್ಲಿ ಏಳು ವರ್ಷದಲ್ಲಿ ಒಂದು ಸಲವೂ ಆ ಹೊಗೆಯ ರುಚಿ ಬಂದಿಲ್ಲ.

ಇಷ್ಟೆಲ್ಲ ಒಳ್ಳೆಯದಿದ್ದರೂ ಅಮ್ಮನ ವಿಷಯಕ್ಕೆ ಬಂದಾಗ ನನಗೆ ನಿಜವಾಗಿ ಬೇಜಾರಾಯಿತು.

ಪಾರ್ಕ್ ನಮ್ಮ ಮನೆಯಿಂದ 8 ಮೈಲಿ, ಅಂದರೆ ಸುಮಾರು 13 ಕಿಲೋಮೀಟರ್. ಕಾರಿಲ್ಲದೆ ಹೋಗಲಾಗುವುದಿಲ್ಲ. ಬಸ್ಸಿಲ್ಲ. ಮೊದಲೇ ಫೋನ್ ಮಾಡಿದರೆ ಮನೆಗೇ ಬರುವ ಸಾರ್ವಜನಿಕ ವ್ಯಾನ್ ಇದೆ. ಆದರೆ ಹಿಂದಿನ ದಿನವೇ ಹೇಳಬೇಕು, ಇಂಗ್ಲಿಷಿನಲ್ಲಿ ಹೇಳಬೇಕು, ಮತ್ತು ನಮ್ಮ ಕಡೆ ಭಾನುವಾರ ಅದು ಓಡುವುದಿಲ್ಲ. 64 ವರ್ಷದ ನನ್ನ ಅಮ್ಮ ಇಡೀ ಜೀವನ ಯಾರನ್ನೂ ಕೇಳದೆ ಹೊಲಕ್ಕೆ ಹೋಗಿ ಬಂದವಳು. ಇಲ್ಲಿ ಒಂದು ವಾಕಿಂಗಿಗೆ ಮಗಳ ಮೀಟಿಂಗ್ ಮುಗಿಯುವುದನ್ನು ಕಾಯುತ್ತಾ ಕೂರುತ್ತಿದ್ದಳು. ಜೂನ್ ಹೊತ್ತಿಗೆ ಕೇಳುವುದನ್ನೇ ಬಿಟ್ಟಳು. ಅಡುಗೆಮನೆಯಿಂದ ಹಾಲ್, ಹಾಲಿಂದ ಅಡುಗೆಮನೆ, ಹೀಗೆ ಎಣಿಸಿಕೊಂಡು ನಡೆಯುತ್ತಿದ್ದಳು. ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಪಾರ್ಕಿನಲ್ಲೂ ತೊಂದರೆ ಇಲ್ಲ ಅಂತಲ್ಲ. ಮೇ, ಜೂನ್‌ನಲ್ಲಿ ಹುಲ್ಲಿನ ದಾರಿಯಲ್ಲಿ ನಡೆದರೆ ಉಣುಗು ಹತ್ತುತ್ತದೆ. ದನದ ಮೈಗೆ ಹತ್ತುತ್ತದಲ್ಲ, ಅದೇ ಜಾತಿ. ಮನೆಗೆ ಬಂದ ತಕ್ಷಣ ಮಕ್ಕಳ ಕಿವಿಯ ಹಿಂದೆ, ಮೊಣಕಾಲಿನ ಹಿಂದೆ ನೋಡಿ. ಅಕ್ಟೋಬರ್ ಮಧ್ಯದಲ್ಲಿ ನಲ್ಲಿಗಳನ್ನು ಬಂದ್ ಮಾಡುತ್ತಾರೆ, ಇಲ್ಲದಿದ್ದರೆ ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಒಡೆಯುತ್ತದೆ. ಆಮೇಲೆ ಏಪ್ರಿಲ್‌ವರೆಗೆ ನೀರು ಮನೆಯಿಂದಲೇ ಒಯ್ಯಬೇಕು. ಕೌಂಟಿಯ ಕೆಲವು ಕಾಡುಗಳಲ್ಲಿ ಬೇಟೆಗೆ ಅವಕಾಶ ಇದೆ. ಡಿಸೆಂಬರಿನಲ್ಲಿ ಜಿಂಕೆ ಸೀಸನ್. ಆಗ ಹೋಗುವುದಿದ್ದರೆ ಬೇಟೆಯವರ ಕಣ್ಣಿಗೆ ಬೀಳುವ ಹಾಗೆ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡೇ ಹೋಗಿ. ಇವೆಲ್ಲ ಅಭ್ಯಾಸ ಆಗುತ್ತವೆ. ಆ 8 ಮೈಲಿ ಮಾತ್ರ ಅಭ್ಯಾಸ ಆಗಲಿಲ್ಲ.

ಸೆಪ್ಟೆಂಬರ್ ಕೊನೆಯ ಶನಿವಾರ ಪಾರ್ಕಿನಲ್ಲಿ ಬೀಜ ಕೀಳುವ ಕೆಲಸ ಇತ್ತು. ಯಾರು ಬೇಕಾದರೂ ಬರಬಹುದು. ಮಗನಿಗೆ ಶಾಲೆಯಲ್ಲಿ ಚೀಟಿ ಕೊಟ್ಟಿದ್ದರು. ಸುಮ್ನೆ ಹೋಗಿ ಬರೋಣ ಅಂತ ಅಮ್ಮನನ್ನೂ ಕರೆದೆ.

ಇದರ ಹಿನ್ನೆಲೆ ಸ್ವಲ್ಪ ಹೇಳಬೇಕು. ಇನ್ನೂರು ವರ್ಷದ ಹಿಂದೆ ಅಯೋವಾದ ಮುಕ್ಕಾಲು ಭಾಗಕ್ಕೂ ಜಾಸ್ತಿ ನೆಲ ಪ್ರೇರಿ, ಅಂದರೆ ಆಳೆತ್ತರದ ಹುಲ್ಲುಗಾವಲು. ನೇಗಿಲು ಬಂದ ಮೇಲೆ ಎಲ್ಲ ಉತ್ತು ಹೊಲ ಮಾಡಿದರು. ಈಗ ಉಳಿದಿರುವುದು ಸಾವಿರಕ್ಕೆ ಒಂದು ಪಾಲೂ ಇಲ್ಲ. ಹಾಗಾಗಿ ಕೌಂಟಿಯವರು ಹಳೇ ಹೊಲಗಳಲ್ಲಿ ಮತ್ತೆ ಹುಲ್ಲು ಬೆಳೆಸುತ್ತಿದ್ದಾರೆ. ಉಳಿದ ತುಂಡು ಪ್ರೇರಿಯಿಂದ ಕೈಯಲ್ಲೇ ಬೀಜ ಕಿತ್ತು ತಂದು ಬಿತ್ತುತ್ತಾರೆ.

ಕೆಲಸದವರು ಒಬ್ಬೊಬ್ಬರಿಗೂ ಒಂದೊಂದು ಬಕೆಟ್ ಕೊಟ್ಟು, ಹುಲ್ಲು ತೋರಿಸಿದರು. ಬಿಗ್ ಬ್ಲೂಸ್ಟೆಮ್ ಅಂತ ಅದರ ಹೆಸರು. ತುದಿಯಲ್ಲಿ ಮೂರು ಕವಲು. ಟರ್ಕಿ ಕೋಳಿಯ ಪಾದದ ಹಾಗಿದೆ ಅಂತ ಇಲ್ಲಿನವರು ಹೇಳುತ್ತಾರೆ. ಅಮ್ಮ ಒಂದು ತೆನೆ ಹಿಡಿದು ನೋಡಿದಳು. "ಥೇಟ್ ರಾಗಿ ಕಣೇ. ಕಾಳು ಕಟ್ಟದೇ ಇರೋ ರಾಗಿ" ಅಂದಳು.

ಆಮೇಲೆ ಬಕೆಟ್ ನನ್ನ ಕೈಗೆ ಕೊಟ್ಟು, ಸೆರಗಿನಲ್ಲಿ ಮಡಿಲು ಕಟ್ಟಿಕೊಂಡಳು. ಎಡಗೈಯಲ್ಲಿ ಕಡ್ಡಿ ಬಗ್ಗಿಸಿ ಬಲಗೈಯಲ್ಲಿ ಕೆಳಗಿಂದ ಮೇಲೆ ಒಂದೇ ಎಳೆತ. ಬೀಜ ಎಲ್ಲ ಮುಷ್ಟಿಯೊಳಗೆ. ನಾವು ಒಂದೊಂದೇ ಕೀಳುತ್ತಾ ಇದ್ದಾಗ ಅವಳು ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ಹೋಗಿದ್ದಳು. ಅಲ್ಲಿದ್ದ ಒಬ್ಬ ಹಿರಿಯ ಹೆಂಗಸು ಅಮ್ಮನ ಕೈಯನ್ನೇ ಸ್ವಲ್ಪ ಹೊತ್ತು ನೋಡಿ, ತಾವೂ ಹಾಗೆಯೇ ಎಳೆಯಲು ಶುರು ಮಾಡಿದರು. ಇವಳಿಗೆ ಇಂಗ್ಲಿಷ್ ಬರಲ್ಲ, ಅವರಿಗೆ ಕನ್ನಡ ಬರಲ್ಲ. ಮೂರು ಗಂಟೆ ಇಬ್ಬರೂ ಅಕ್ಕಪಕ್ಕದಲ್ಲೇ ಇದ್ದರು. ಅಮ್ಮ ಕನ್ನಡದಲ್ಲೇ ಮಾತಾಡುತ್ತಿದ್ದಳು.

ಬೀಜ ಯಾವಾಗ ಬಿತ್ತುತ್ತೀರಿ ಅಂತ ಅಮ್ಮ ನನ್ನ ಕೈಲಿ ಕೇಳಿಸಿದಳು. ಚಳಿಗಾಲದಲ್ಲಿ, ಹಿಮದ ಮೇಲೆ ಅಂದರು. ಅವಳಿಗೆ ನಂಬಿಕೆ ಬರಲಿಲ್ಲ. "ಹಿಮದ ಮೇಲೆ ಬಿತ್ತಿದರೆ ಹುಟ್ತದಾ?" ಇಲ್ಲಿನ ಎಷ್ಟೋ ಬೀಜಗಳು ಚಳಿ ತಿನ್ನದೆ ಮೊಳೆಯುವುದೇ ಇಲ್ಲವಂತೆ. ಹಿಮ ಕರಗುತ್ತಾ, ನೆಲ ಹೆಪ್ಪುಗಟ್ಟುತ್ತಾ ಬಿಡುತ್ತಾ, ಬೀಜ ತಾನೇ ಮಣ್ಣಿನೊಳಗೆ ಇಳಿಯುತ್ತದೆ. ಕಾರಿನಲ್ಲಿ ಬರುವಾಗ ಇದನ್ನೇ ಎರಡು ಸಲ ಹೇಳಿಸಿಕೊಂಡಳು. ಆ ರಾತ್ರಿ ಊರಿಗೆ ಫೋನ್ ಮಾಡಿ ಅತ್ತಿಗೆಗೆ ಹೇಳಿದ್ದೂ ಇದನ್ನೇ.

ಅಕ್ಟೋಬರಿನ ಎಲ್ಲ ಶನಿವಾರ ಹೋದೆವು. ಆ ಹಿರಿಯರ ಮನೆ ನಮ್ಮ ಊರಲ್ಲೇ, ಮೂರು ಬೀದಿ ಆಚೆ ಅಂತ ಗೊತ್ತಾಯಿತು. ಎರಡನೇ ಶನಿವಾರದಿಂದ ಅವರೇ ಕಾರು ತಂದು ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದರು. ಅಮ್ಮ ಅವರಿಗೆ ಡಬ್ಬಿಯಲ್ಲಿ ಚಕ್ಕುಲಿ ಕೊಡುತ್ತಿದ್ದಳು.

ಪಾರ್ಕಿಗೆ ನಾನು ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಒಬ್ಬರು ನೆರೆಯವರ ಒಳ್ಳೆಯತನದಿಂದ ಅಮ್ಮ ಪಾರ್ಕ್ ತಲುಪಿದಳು ನಿಜ. ಆದರೆ ಊರಿನಿಂದ ಪಾರ್ಕಿಗೆ ನಡೆಯುವ ದಾರಿ ಇನ್ನೂ ಇಲ್ಲ. ಮಂಡಳಿಯ ಸಭೆಗೆ ಯಾರು ಬೇಕಾದರೂ ಹೋಗಬಹುದು. ಫೆಬ್ರವರಿಯಲ್ಲಿ ಮೊದಲ ಸಲ ಹೋಗಿ ಆ ದಾರಿಯ ಬಗ್ಗೆ ಮೂರು ನಿಮಿಷ ಮಾತಾಡಿದೆ. ಬರೆದುಕೊಂಡರು. ಮುಂದಿನ ಸಭೆಗೂ ಹೋಗುತ್ತೇನೆ.

ಈ ಸಲ ಅಮ್ಮನಿಗೆ ಆಗಸ್ಟ್ ಕೊನೆಗೆ ಟಿಕೆಟ್ ತೆಗೆದಿದ್ದೇವೆ, ಬೀಜದ ಕಾಲ ಪೂರ್ತಿ ಸಿಗಲಿ ಅಂತ. ಕುಡುಗೋಲು ತರಲಾ ಅಂತ ಮೊನ್ನೆ ಕೇಳಿದಳು.