ಮನೆ ಆರೈಕೆ ಸೇವೆ: ಆಯ್ಕೆ ಬಿಗಿ, ಬದಲಿ ಸಿಬ್ಬಂದಿಯ ತರಬೇತಿ ಸಡಿಲ

ಪಾರ್ಶ್ವವಾಯುವಿನ ನಂತರ ಎಡಗೈ, ಎಡಗಾಲು ಸ್ವಾಧೀನದಲ್ಲಿಲ್ಲದ ನಮ್ಮ ತಂದೆಯವರಿಗಾಗಿ ಒಂದು ಮನೆ ಆರೈಕೆ ಸಂಸ್ಥೆಯ ಸೇವೆಯನ್ನು ಪಡೆಯುತ್ತಿದ್ದೇವೆ. ಆ ಸಂಸ್ಥೆ ಸಿಬ್ಬಂದಿಯನ್ನು ಆರಿಸುವ ಮತ್ತು ತಯಾರು ಮಾಡುವ ರೀತಿಯ ಕುರಿತು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಆಯ್ಕೆಯ ವಿಷಯದಲ್ಲಿ ದೂರುವುದಕ್ಕೆ ಏನೂ ಇಲ್ಲ. ಗುರುತಿನ ದಾಖಲೆ ಮತ್ತು ಪೊಲೀಸ್ ಪರಿಶೀಲನೆಯನ್ನು ಎಲ್ಲ ಸಂಸ್ಥೆಗಳೂ ಜಾಹೀರಾತಿನಲ್ಲಿ ಹೇಳಿಕೊಳ್ಳುತ್ತವೆ. ಆದರೆ ಪೊಲೀಸ್ ದಾಖಲೆಯಲ್ಲಿ ಸಿಗುವುದು ದೂರಿನ ಹಂತ ತಲುಪಿದ ಪ್ರಕರಣಗಳಷ್ಟೇ. ಮಾತು ಹೊರಡದ ರೋಗಿಯ ಮೇಲೆ ಮುಚ್ಚಿದ ಕೋಣೆಯಲ್ಲಿ ರೇಗಾಡಿದವರ ಹೆಸರು ಅಲ್ಲಿ ಇರುವುದಿಲ್ಲ. ಅದಕ್ಕಾಗಿಯೇ ಈ ಸಂಸ್ಥೆ ಅಭ್ಯರ್ಥಿ ತಂದುಕೊಟ್ಟ ಪ್ರಶಂಸಾಪತ್ರವನ್ನು ನೆಚ್ಚಿಕೊಳ್ಳದೆ, ಹಿಂದೆ ಕೆಲಸ ಮಾಡಿದ ಮನೆಯವರೊಂದಿಗೆ ತಾನೇ ಮಾತನಾಡುತ್ತದೆ ಮತ್ತು ಯಾವುದೇ ಕೆಲಸವಿಲ್ಲದೆ ಕಳೆದ ಅವಧಿಗೆ ಕಾರಣ ಕೇಳಿ ಬರೆದಿಟ್ಟುಕೊಳ್ಳುತ್ತದೆ. ‘ಇವರನ್ನು ಮತ್ತೆ ಕೆಲಸಕ್ಕೆ ಇಟ್ಟುಕೊಳ್ಳುತ್ತೀರಾ?’ ಎಂಬುದು ಅವರು ತಪ್ಪದೆ ಕೇಳುವ ಪ್ರಶ್ನೆ. ಇದಕ್ಕೆ ಉತ್ತರಿಸುವ ಮುನ್ನ ಎದುರಿನವರು ತಡವರಿಸಿದರೆ ಅದೂ ಒಂದು ಮಾಹಿತಿಯೇ.

ಖಾಯಂ ಆರೈಕೆದಾರರ ತರಬೇತಿ ಅವರ ಕೈಕೆಲಸದಲ್ಲೇ ಕಾಣುತ್ತದೆ. ಹಾಸಿಗೆಯಿಂದ ಎಬ್ಬಿಸುವಾಗ ಕುರ್ಚಿಯನ್ನು ಬಲವಿರುವ ಬದಿಗೆ ಇಡುತ್ತಾರೆ. ಸ್ವಾಧೀನವಿಲ್ಲದ ತೋಳನ್ನು ಎಂದೂ ಎಳೆಯುವುದಿಲ್ಲ, ಏಕೆಂದರೆ ಸ್ನಾಯುಗಳು ಸೋತ ಭುಜದ ಕೀಲು ಸುಲಭವಾಗಿ ಜಾರುತ್ತದೆ. ನೆಟ್ಟಗೆ ಕೂರಿಸಿ ಊಟ ಮಾಡಿಸಿ, ಎಡಗೆನ್ನೆಯಲ್ಲಿ ತುತ್ತು ಉಳಿದಿದೆಯೇ ಎಂದು ನೋಡಿ, ಅರ್ಧ ಗಂಟೆಯವರೆಗೆ ಮಲಗಿಸದೆ ಇರುತ್ತಾರೆ. ಮಗ್ಗುಲು ಬದಲಿಸುವಾಗಲೆಲ್ಲ ಹಿಮ್ಮಡಿ ಮತ್ತು ಸೊಂಟದ ಕೆಳಭಾಗದ ಚರ್ಮವನ್ನು ಪರೀಕ್ಷಿಸಿ, ಒತ್ತಿದರೂ ಮಾಯವಾಗದ ಕೆಂಪು ಕಂಡರೆ ಪುಸ್ತಕದಲ್ಲಿ ಬರೆಯುತ್ತಾರೆ. ಮನೆಯವರಿಂದ ಸಾಲ, ಉಡುಗೊರೆ ಪಡೆಯುವಂತಿಲ್ಲ ಎಂಬ ನಿಯಮವೂ ಪಾಲನೆಯಲ್ಲಿದೆ.

ತೊಂದರೆ ಇರುವುದು ಅವರ ರಜೆಯ ದಿನ ಬರುವ ಬದಲಿ ಸಿಬ್ಬಂದಿಯಲ್ಲಿ. ಖಾಯಂ ಆರೈಕೆದಾರರ ಬಳಿ ಇರುವ ತರಬೇತಿ ಪ್ರಮಾಣಪತ್ರವನ್ನೇ ಹಿಡಿದು ಬಂದ ಒಬ್ಬರು ತಂದೆಯವರನ್ನು ಕಂಕುಳಿಗೆ ಕೈಹಾಕಿ ಮೇಲೆತ್ತಲು ಹೊರಟರು. ವಿಚಾರಿಸಿದಾಗ, ಖಾಯಂ ಸಿಬ್ಬಂದಿಗೆ ಅನುಭವಿಗಳ ಜೊತೆ ರೋಗಿಯ ಮನೆಯಲ್ಲೇ ಅಭ್ಯಾಸವಾಗಿದ್ದರೆ, ಬದಲಿಯವರು ತರಗತಿಯಲ್ಲಿ ವಿಡಿಯೊ ನೋಡಿ ಪರೀಕ್ಷೆ ಪಾಸಾದವರೆಂದು ತಿಳಿಯಿತು. ಆರೈಕೆಯನ್ನು ಕೈಯಿಂದ ಮಾಡಿಸಿ ನೋಡದೆ ಕೊಟ್ಟ ಪ್ರಮಾಣಪತ್ರಕ್ಕೆ, ನನ್ನ ಅಭಿಪ್ರಾಯದಲ್ಲಿ, ಹಾಜರಿ ಚೀಟಿಗಿಂತ ಹೆಚ್ಚಿನ ಬೆಲೆಯಿಲ್ಲ. ಇಂಥವರನ್ನು ಒಂಟಿಯಾಗಿ ಕಳುಹಿಸುವುದು ರೋಗಿಗೆ ಮಾತ್ರವಲ್ಲ, ಬೆನ್ನುನೋವು ತಂದುಕೊಳ್ಳುವ ಆ ಸಿಬ್ಬಂದಿಗೂ ಅನ್ಯಾಯ.

ದೂರು ಕೊಟ್ಟ ಮೇಲೆ ಸಂಸ್ಥೆ ವಾದಕ್ಕಿಳಿಯದೆ ಮೇಲ್ವಿಚಾರಕ ದಾದಿಯನ್ನು ಕಳುಹಿಸಿ ತಿದ್ದಿಸಿತು. ಬದಲಿಯಾಗಿ ಬರುವವರು ಖಾಯಂ ಆರೈಕೆದಾರರ ಜೊತೆ ಒಂದು ಪೂರ್ಣ ಪಾಳಿ ಕಲಿತ ನಂತರವೇ ಒಬ್ಬರೇ ಬರಬೇಕೆಂಬ ಷರತ್ತನ್ನು ಒಪ್ಪಂದದಲ್ಲಿ ಬರೆಸಿಕೊಂಡು ಸೇವೆಯನ್ನು ಮುಂದುವರಿಸಿದ್ದೇವೆ.